ಒಂದು ತಾಸಿನ ಸಿಂಹಾಸನ

ಜಂಗಮ ಎಂಬ ಶಬ್ದಕ್ಕೆ ಚಲಿಸುವವನು ಎಂದು ಅರ್ಥ. ಒಂದೇ ಕಡೆ ಬೇರು ಬಿಡದೆ ಊರಿಂದೂರಿಗೆ ಸಂಚರಿಸಿ, ಭಕ್ತರ ಮನೆಯ ಭಿಕ್ಷೆ ಸ್ವೀಕರಿಸಿ, ಅವರ ಮನದಲ್ಲಿ ಅರಿವಿನ ದೀಪ ಹಚ್ಚುವುದು ಜಂಗಮನ ಧರ್ಮ. ನಮ್ಮ ಮಠದ ಹಿಂದಿನ ಪೂಜ್ಯರು ಕಾಲ್ನಡಿಗೆಯಲ್ಲಿ ಸಂಚರಿಸಿದರು. ಅವರ ತರುವಾಯ ಬಂದವರು ಚಕ್ಕಡಿಯಲ್ಲಿ ಹೋದರು. ನಮ್ಮ ಗುರುಗಳು ಸರ್ಕಾರಿ ಬಸ್ಸಿನಲ್ಲಿ ಎಲ್ಲರ ನಡುವೆ ಕುಳಿತು ಹೋಗುತ್ತಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಕಾಲಕ್ಕೆ ಭಕ್ತರು ಕಾರು ಕೊಡಿಸಿದರು. ಈಗ ವಿಮಾನವೂ ಬಂದಿದೆ.

"ಕಾವಿ ತೊಟ್ಟವರು ವಿಮಾನ ಏರಬಹುದೇ?" ಎಂದು ನಮ್ಮನ್ನು ಕೇಳುವವರಿದ್ದಾರೆ. ಏರಬಹುದು. ಚಕ್ಕಡಿಯಲ್ಲಿ ಪುಣ್ಯವಿಲ್ಲ, ವಿಮಾನದಲ್ಲಿ ಪಾಪವಿಲ್ಲ. ಬೆಂಗಳೂರಿನಿಂದ ಕಲಬುರಗಿ ಸುಮಾರು 600 ಕಿಲೋಮೀಟರ್ ದೂರ. ರೈಲಿನಲ್ಲಿ ಒಂದು ಇಡೀ ರಾತ್ರಿ ಬೇಕು. ಅದೇ ದೂರವನ್ನು ವಿಮಾನ ಒಂದು ತಾಸಿಗೆ ತುಸು ಹೆಚ್ಚು ಹೊತ್ತಿನಲ್ಲಿ ಕ್ರಮಿಸಬಲ್ಲುದು. ಉಳಿದ ವೇಳೆ ಲಿಂಗಪೂಜೆಗೆ, ಅಧ್ಯಯನಕ್ಕೆ, ಭಕ್ತರ ಕಷ್ಟಸುಖ ಕೇಳುವುದಕ್ಕೆ ಒದಗುವುದಾದರೆ ಅದು ಸದುಪಯೋಗವೇ ಸರಿ.

ಆದ್ದರಿಂದ ಇಂದು ನಾವು ಎತ್ತಿಕೊಂಡಿರುವುದು ವಿಮಾನದ ಪ್ರಶ್ನೆಯನ್ನಲ್ಲ. ವಿಮಾನದೊಳಗಿನ ಕುರ್ಚಿಯ ಪ್ರಶ್ನೆಯನ್ನು. ಒಂದು ತಾಸಿನ ಹಾರಾಟಕ್ಕೆ ಮುಂದಿನ ದರ್ಜೆಯ ದುಬಾರಿ ಆಸನ ಬೇಕೇ? ಅದರಲ್ಲೂ ಮತ್ತೊಬ್ಬರ ದುಡಿಮೆಯ ಅನ್ನ ಉಣ್ಣುವ ನಮ್ಮಂಥವರಿಗೆ ಬೇಕೇ? ಈ ಪ್ರಶ್ನೆ ನಮಗೆ ಗ್ರಂಥ ಓದಿ ಹುಟ್ಟಿದ್ದಲ್ಲ, ನಾವೇ ಮಾಡಿದ ತಪ್ಪಿನಿಂದ ಹುಟ್ಟಿದ್ದು.

ಎರಡು ವರ್ಷಗಳ ಹಿಂದಿನ ಶ್ರಾವಣ ಮಾಸ. ಬೆಂಗಳೂರಿನಲ್ಲಿ ಒಂದು ಕಾರ್ಯಕ್ರಮ ಮುಗಿಸಿ, ಮರುದಿನ ಆಳಂದ ತಾಲೂಕಿನ ಹಳ್ಳಿಯೊಂದರ ಪುರಾಣ ಮಂಗಲಕ್ಕೆ ನಾವು ಹಾಜರಿರಬೇಕಿತ್ತು. ಬೆಂಗಳೂರಿನ ಭಕ್ತರೊಬ್ಬರು ಕಲಬುರಗಿಗೆ ವಿಮಾನದ ಟಿಕೆಟ್ ತೆಗೆಸಿದರು. ನಿಲ್ದಾಣಕ್ಕೆ ಬಂದ ಮೇಲೆ ಅದು ಮುಂದಿನ ದರ್ಜೆಯದೆಂದು ತಿಳಿಯಿತು. "ಬುದ್ಧೀ, ತಾವು ಎಲ್ಲರ ನಡುವೆ ಇಕ್ಕಟ್ಟಿನಲ್ಲಿ ಕೂತರೆ ನಮಗೆ ಶೋಭೆಯಲ್ಲ. ಬೆಲೆ ಎರಡೂವರೆ ಪಟ್ಟಾದರೂ ಚಿಂತೆಯಿಲ್ಲ, ಪೀಠದ ಗೌರವ ಮುಖ್ಯ" ಎಂದು ಅವರು ಕೈ ಮುಗಿದರು. ನಮಗೆ ಮುಜುಗರವಾಯಿತು. ಅದರ ಜೊತೆಗೆ, ಮುಚ್ಚಿಡುವುದೇಕೆ, ಒಳಗೊಳಗೇ ಹಿತವೂ ಆಯಿತು. ಬೇಡವೆನ್ನಲಿಲ್ಲ.

ಅದೊಂದು ಚಿಕ್ಕ ಜೆಟ್ ವಿಮಾನ. ಒಟ್ಟು 76 ಆಸನಗಳು. ಮುಂದೆ 12, ಹಿಂದೆ 64. ಮುಂದಿನ ಭಾಗದಲ್ಲಿ ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು ಅಗಲವಾದ ಕುರ್ಚಿಗಳು. ಹಿಂದೆ ಈ ಕಡೆ ಎರಡು, ಆ ಕಡೆ ಎರಡು. ದೊಡ್ಡ ವಿಮಾನಗಳಲ್ಲಿ ಇಬ್ಬರ ನಡುವೆ ಸಿಕ್ಕಿಕೊಂಡು ಕೂಡಬೇಕಾದ ಮಧ್ಯದ ಆಸನವೇ ಇಂಥ ವಿಮಾನದಲ್ಲಿಲ್ಲ. ಅಂದರೆ ನಮ್ಮ ಭಕ್ತರು ಹೆದರಿದಂಥ ಇಕ್ಕಟ್ಟು ಹಿಂದೆಯೂ ಇರಲಿಲ್ಲ. ಎರಡು ಭಾಗಗಳ ನಡುವೆ ಇದ್ದುದು ಒಂದು ಪರದೆ ಮಾತ್ರ.

ನಾವು ಮೊದಲೇ ಒಳಗೆ ಹೋಗಿ ಕುಳಿತಿದ್ದೆವು. ಹಿಂದಿನ ದರ್ಜೆಯವರು ನಮ್ಮ ಪಕ್ಕದಿಂದಲೇ ಸಾಗಿಹೋಗುತ್ತಿದ್ದರು. ಅವರಲ್ಲಿ ಒಬ್ಬ ವೃದ್ಧ ತಾಯಿ ನಮ್ಮನ್ನು ಕಂಡು ಥಟ್ಟನೆ ನಿಂತರು. ಗುರುತು ಹತ್ತಿತು. ನಮ್ಮ ಮಠದ ಜಾತ್ರೆಯ ದಾಸೋಹಕ್ಕೆ ಪ್ರತಿವರ್ಷ ಜೋಳದ ರೊಟ್ಟಿಯ ಬುಟ್ಟಿ ಹೊತ್ತು ತರುವ ತಾಯಿ. ಜೊತೆಗೆ ಅವರ ಮಗ. ಟ್ರ್ಯಾಕ್ಟರಿನಿಂದ ಬಿದ್ದು ಮೊಣಕಾಲು ಮುರಿದುಕೊಂಡು, ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಹೊರಟಿದ್ದ. ಕಾಲಿಗೆ ಪಟ್ಟಿ ಕಟ್ಟಿತ್ತು, ಕಂಕುಳಲ್ಲಿ ಕೋಲಿತ್ತು. ಹತ್ತು ಹನ್ನೆರಡು ತಾಸು ಕುಳಿತು ಹೋಗುವುದು ಬೇಡವೆಂದು ವೈದ್ಯರು ಹೇಳಿದ್ದರಿಂದ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಸಂಬಂಧಿಕರೊಬ್ಬರು ಮುಂಚಿತವಾಗಿಯೇ ಅಗ್ಗದ ಟಿಕೆಟ್ ನೋಡಿ ತೆಗೆಸಿದ್ದರಂತೆ. ತಾಯಿ ನಮ್ಮ ಪಾದಕ್ಕೆ ಬಾಗಲು ಹೋದರು. ವಿಮಾನದ ಹೆಣ್ಣುಮಗಳು, "ಅಮ್ಮಾ, ಹಿಂದೆ ಜನ ನಿಂತಿದ್ದಾರೆ, ತಮ್ಮ ಆಸನ ಆ ಕಡೆ ಇದೆ" ಎಂದು ಮೃದುವಾಗಿ ಮುಂದೆ ಕಳಿಸಿದಳು. ಅವಳದು ತಪ್ಪಲ್ಲ, ಅವಳ ಕಾಯಕ ಅದು. ಸ್ವಲ್ಪ ಹೊತ್ತಿಗೆ ಪರದೆ ಎಳೆದರು.

ವಿಮಾನ ಏರುವಾಗ ಸೊಂಟದ ಪಟ್ಟಿ ಬಿಗಿದುಕೊಂಡಿರಬೇಕು, ಇಳಿಯುವಾಗಲೂ ಬಿಗಿದುಕೊಂಡಿರಬೇಕು. ಅದನ್ನು ಕಳೆದರೆ ನಮಗೆ ಕಾಲು ಚಾಚಿ ಕೂಡಲು ಸಿಕ್ಕಿದ್ದು ಅರ್ಧ ತಾಸಿಗೆ ತುಸು ಹೆಚ್ಚು. ಅಷ್ಟರಲ್ಲಿ ಬಿಸಿ ತಿಂಡಿಯ ತಟ್ಟೆ ಬಂದಿತು. ಲಿಂಗಪೂಜೆಯಾಗದೆ ಏನನ್ನೂ ಸ್ವೀಕರಿಸುವ ರೂಢಿ ನಮಗಿಲ್ಲ. ತಟ್ಟೆ ಬಂದ ಹಾಗೆಯೇ ಹಿಂದಿರುಗಿತು. ಹೆಚ್ಚು ತೂಕದ ಸಾಮಾನು ಒಯ್ಯಲು ಅವಕಾಶವಿತ್ತು. ನಮ್ಮಲ್ಲಿ ಇದ್ದುದು ಒಂದು ಜೋಳಿಗೆ ಮತ್ತು ಪೂಜೆಯ ಪೆಟ್ಟಿಗೆ. ಹೀಗೆ ಎರಡೂವರೆ ಪಟ್ಟು ಬೆಲೆಗೆ ನಾವು ನಿಜವಾಗಿ ಅನುಭವಿಸಿದ್ದು ಗೇಣುದ್ದ ಹೆಚ್ಚಿನ ಜಾಗವನ್ನು ಮಾತ್ರ. ಆ ಗೇಣುದ್ದ ಜಾಗ ಪರದೆಯ ಆಚೆ ಮಡಿಸಲಾಗದ ಮೊಣಕಾಲನ್ನು ಹಿಡಿದು ಕುಳಿತಿದ್ದ ಹುಡುಗನಿಗೆ ಬೇಕಾಗಿತ್ತು. ವಿಮಾನದವರನ್ನು ಕರೆದು, "ಆ ಮಗುವನ್ನು ಇಲ್ಲಿ ಕೂಡಿಸಿ, ನಾವು ಅಲ್ಲಿ ಕೂಡುತ್ತೇವೆ, ಆದೀತೇ?" ಎಂದು ಒಂದು ಮಾತು ಕೇಳಬಹುದಿತ್ತು. ಅವರು ಒಪ್ಪುತ್ತಿದ್ದರೋ ಬಿಡುತ್ತಿದ್ದರೋ ಬೇರೆ ಮಾತು. ಕೇಳಬೇಕೆಂಬ ವಿಚಾರ ನಮಗೆ ಹೊಳೆದದ್ದು ವಿಮಾನ ಇಳಿದ ಮೇಲೆ.

ಕಲಬುರಗಿಯಲ್ಲಿ ನಮ್ಮನ್ನು ಮೊದಲು ಇಳಿಸಿದರು, ನಮ್ಮ ಪೆಟ್ಟಿಗೆಯೂ ಮೊದಲು ಬಂದಿತು. ಹೊರಗೆ ಹಾರ ಹಿಡಿದು ಭಕ್ತರು ಕಾದಿದ್ದರು. ಆದರೂ ನಾವು ನಿಂತೆವು. ಎಲ್ಲರೂ ಬಂದು ಹೋದ ಮೇಲೆ ತಾಯಿ ಮಗನನ್ನು ಗಾಲಿ ಕುರ್ಚಿಯಲ್ಲಿ ಕರೆತಂದರು. ನಾವು ಏನು ಹೇಳಬೇಕೆಂದು ತಡವರಿಸುವಷ್ಟರಲ್ಲಿ ಅವರೇ ಮಾತನಾಡಿದರು: "ಯಪ್ಪಾ, ನೀವು ಮುಂದ ದೊಡ್ಡ ಕುರ್ಚ್ಯಾಗ ಕುಂತಿದ್ದು ನೋಡಿ ನನ್ನ ಜೀವ ತಣ್ಣಗಾತ್ರಿ. ನಮ್ಮ ಅಪ್ಪಾರು ಮುಂದೇ ಇರಬೇಕ್ರಿ."

ಆ ತಾಯಿಯ ಮನದಲ್ಲಿ ಅಸೂಯೆಯ ಎಳೆಯೂ ಇರಲಿಲ್ಲ. ಬೈದಿದ್ದರೆ ನಮ್ಮ ಮನಸ್ಸು ಹಗುರಾಗುತ್ತಿತ್ತು. ಮರುದಿನ ಪುರಾಣ ಮಂಗಲದಲ್ಲಿ ದಾಸೋಹದ ಮೇಲೆ ನಾವು ಆಶೀರ್ವಚನ ನೀಡಿದೆವು. ಮಾತು ತಡೆಯಲಿಲ್ಲ, ನಾಲಗೆಗೆ ಅಭ್ಯಾಸವಿದೆ. ಜನ ಮೆಚ್ಚಿದರು. ಆದರೆ ಆಡಿದ ಮಾತು ನಮ್ಮ ಕಿವಿಗೇ ಬೇರೆಯವರ ಮಾತಿನಂತೆ ಕೇಳಿಸಿತು.

ಶರಣ ಬಂಧುಗಳೇ, ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ತಾವು ಅನೇಕ ಸಲ ಕೇಳಿದ್ದೀರಿ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಶರಣರ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ. ನಮಗೆ ಬೇಕಾದುದಕ್ಕಿಂತ ಹೆಚ್ಚಿನದು ನಮ್ಮದಲ್ಲವೆಂದು ಹೇಳಿ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು. ಆ ಅಕ್ಕಿ ಕದ್ದದ್ದಾಗಿರಲಿಲ್ಲ. ಪ್ರೀತಿಯಿಂದಲೇ ಬಂದುದಾಗಿತ್ತು. ಆದರೂ ಹೆಚ್ಚು ಹೆಚ್ಚೇ ಎಂಬುದು ಆ ಮಹಾತಾಯಿಯ ನಿಲುವು.

ನಾವು ಈ ಕಥೆಯನ್ನು ವ್ಯಾಪಾರಿಗಳಿಗೆ, ಅಧಿಕಾರಿಗಳಿಗೆ, ಶ್ರೀಮಂತರಿಗೆ ಹೇಳುತ್ತ ಬಂದಿದ್ದೇವೆ. ಅದು ಮೊದಲು ಅನ್ವಯಿಸುವುದು ಸ್ವೀಕರಿಸುವ ಕೈಗೆ. ಕಳ್ಳತನದ ಹಣವನ್ನು ಬೇಡವೆನ್ನುವುದು ಸುಲಭ. ಭಕ್ತಿಯಿಂದ ಬಂದ ಹೆಚ್ಚನ್ನು ಬೇಡವೆನ್ನುವುದು ಕಠಿಣ. ಅಲ್ಲಿಯೇ ಪರೀಕ್ಷೆ ಇರುವುದು.

"ಪೀಠದ ಗೌರವ" ಎಂದರು ನಮ್ಮ ಭಕ್ತರು. ಪೀಠದ ಗೌರವವೆಂದರೇನು? ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಏರಿದ್ದು ಶೂನ್ಯ ಸಿಂಹಾಸನವನ್ನು. ಆ ಹೆಸರಿನಲ್ಲಿಯೇ ಉತ್ತರವಿದೆ. ಅದಕ್ಕೆ ಬೆಲೆ ಕಟ್ಟುವವರಿರಲಿಲ್ಲ, ಅದರ ಮುಂದೆ ಪರದೆಯಿರಲಿಲ್ಲ. ಮಡಿವಾಳರು, ಅಂಬಿಗರು, ಹಗ್ಗ ಹೊಸೆಯುವವರು, ಅಕ್ಕಿ ಆಯುವವರು ಎದುರಿಗೆ ಕುಳಿತು ಪ್ರಶ್ನೆ ಕೇಳಿದರು. ಟಿಕೆಟಿನ ಬೆಲೆಯಿಂದ ಏರುವ ಗೌರವವಾದರೆ ಅದು ವಿಮಾನ ನೆಲ ಮುಟ್ಟಿದೊಡನೆ ಇಳಿದೂ ಹೋಗುತ್ತದೆ.

ಹಾಗೆಂದು ಮುಂದಿನ ದರ್ಜೆಯಲ್ಲಿ ಕುಳಿತವರೆಲ್ಲ ದೋಷಿಗಳೆಂದು ನಾವು ಹೇಳುವುದಿಲ್ಲ. ಇದನ್ನು ವಿವೇಕದಿಂದ ನೋಡಬೇಕು.

ವಯಸ್ಸಾದವರು, ಬೆನ್ನು ಮೊಣಕಾಲು ಬೇನೆಯವರು, ದೊಡ್ಡ ಮೈಕಟ್ಟಿನವರು, ರೋಗಿಗಳು ಅಗಲವಾದ ಕುರ್ಚಿ ಬಯಸಿದರೆ ಅದು ಭೋಗವಲ್ಲ, ಅಗತ್ಯ. ಇನ್ನು ತನ್ನ ಕಾಯಕದಿಂದ ದುಡಿದು, ತೆರಿಗೆ ಕಟ್ಟಿ, ದಾಸೋಹ ಮಾಡಿ, ಉಳಿದ ಹಣದಲ್ಲಿ ಒಬ್ಬ ಗೃಹಸ್ಥ ಒಂದು ದಿನ ತನ್ನ ತಂದೆತಾಯಿಗಳನ್ನು ಮುಂದೆ ಕೂಡಿಸಿ ಕರೆದೊಯ್ದರೆ ನಮಗೆ ಸಂತೋಷವೇ. ಅಂಥ ಆಸನಗಳಿಗೆ ಸರ್ಕಾರವೂ ಹೆಚ್ಚು ತೆರಿಗೆ ಹಾಕಿದೆ. 2025ರ ಸೆಪ್ಟೆಂಬರ್ 22ರಿಂದ ಮೇಲಿನ ದರ್ಜೆಗಳ ಟಿಕೆಟಿನ ಮೇಲೆ ಜಿ.ಎಸ್.ಟಿ. ಶೇಕಡಾ 12ರಿಂದ 18ಕ್ಕೆ ಏರಿತು. ಸಾಮಾನ್ಯ ದರ್ಜೆಗೆ ಶೇಕಡಾ 5 ಹಾಗೆಯೇ ಉಳಿಯಿತು.

ಇನ್ನೊಂದು ವಾದವೂ ಉಂಟು. ಅದನ್ನು ತಳ್ಳಿಹಾಕುವಂತಿಲ್ಲ. ಮುಂದಿನ ಹನ್ನೆರಡು ಜನ ಹೆಚ್ಚು ಕೊಡುವುದರಿಂದಲೇ ಹಿಂದಿನವರಿಗೆ ಅಗ್ಗದ ಟಿಕೆಟ್ ಸಿಗುತ್ತದೆ, ಸಣ್ಣ ಊರಿಗೆ ವಿಮಾನ ಉಳಿಯುತ್ತದೆ ಎಂಬುದು ಆ ವಾದ. ಸಣ್ಣ ಊರುಗಳ ವಿಮಾನದ ಬದುಕು ನಿಜಕ್ಕೂ ಕಷ್ಟದ್ದು. ನಮ್ಮ ನಾಡಿನವರೇ ಆದ ಕ್ಯಾಪ್ಟನ್ ಗೋಪಿನಾಥ್ ಅವರು 2003ರ ಆಗಸ್ಟ್‌ನಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ವಿಮಾನ ಆರಂಭಿಸಿ, ಸಾಮಾನ್ಯನಿಗೂ ಆಕಾಶದ ದಾರಿ ತೆರೆದರು. ಎಲ್ಲರಿಗೂ ಒಂದೇ ದರ್ಜೆ. ತಿಂಡಿ ಬೇಕಾದವರು ದುಡ್ಡು ಕೊಟ್ಟು ಕೊಳ್ಳಬೇಕು. ಆ ಸಂಸ್ಥೆ ಕೆಲವೇ ವರ್ಷಗಳಲ್ಲಿ ವೈಭವಕ್ಕೆ ಹೆಸರಾದ ಮತ್ತೊಂದು ಸಂಸ್ಥೆಯಲ್ಲಿ ಲೀನವಾಯಿತು. 2012ರಲ್ಲಿ ಅದೂ ಹಾರಾಟ ನಿಲ್ಲಿಸಿತು.

ಮುಂದೆ ಕೇಂದ್ರ ಸರ್ಕಾರ 2016ರಲ್ಲಿ ಉಡಾನ್ ಯೋಜನೆ ತಂದು, 2017ರ ಏಪ್ರಿಲ್‌ನಲ್ಲಿ ಮೊದಲ ವಿಮಾನ ಹಾರಿಸಿತು. ಹವಾಯಿ ಚಪ್ಪಲಿ ಮೆಟ್ಟುವವರೂ ವಿಮಾನ ಏರುವಂತಾಗಬೇಕೆಂಬುದು ಪ್ರಧಾನಿಯವರು ಆಗ ಹೇಳಿದ ಆಶಯ. ಒಂದು ತಾಸಿನ ಹಾರಾಟದಲ್ಲಿ ಅರ್ಧದಷ್ಟು ಆಸನಗಳಿಗೆ ಸುಮಾರು 2,500 ರೂಪಾಯಿಯ ಮಿತಿ ಹಾಕಲಾಯಿತು. ನಷ್ಟ ತುಂಬಲು ಮೂರು ವರ್ಷಗಳ ಕಾಲ ಸರ್ಕಾರದ ನೆರವು. 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿಯ ಬಳಿ ಕಲಬುರಗಿಯ ವಿಮಾನ ನಿಲ್ದಾಣ ಉದ್ಘಾಟನೆಯಾದಾಗ ನಮ್ಮ ಭಾಗದ ಜನ ಹಬ್ಬದಂತೆ ನೋಡಲು ಹೋದರು. ಆದರೆ 2023ರ ಮಹಾಲೇಖಪಾಲರ ವರದಿ ಓದಿದರೆ ಮನಸ್ಸು ಭಾರವಾಗುತ್ತದೆ. ಉಡಾನಿನ ಮೊದಲ ಮೂರು ಹಂತಗಳಲ್ಲಿ ಮಂಜೂರಾದ 774 ಮಾರ್ಗಗಳಲ್ಲಿ ಆರಂಭವಾದವು 371. ಮೂರು ವರ್ಷ ಪೂರೈಸಿದವು 112. ನೆರವಿನ ಅವಧಿ ಮುಗಿದ ಮೇಲೂ 2023ರ ಮಾರ್ಚ್ ಹೊತ್ತಿಗೆ ನಡೆಯುತ್ತಿದ್ದವು ಕೇವಲ 54.

ಹೀಗಿರುವಾಗ ಹೆಚ್ಚು ಕೊಡಬಲ್ಲವರು ಹೆಚ್ಚು ಕೊಟ್ಟು ಕೂಡಲಿ, ಅದರಿಂದ ಊರಿನ ವಿಮಾನ ಉಳಿಯುವುದಾದರೆ ಉಳಿಯಲಿ. ಇದಕ್ಕೆ ನಮ್ಮ ತಕರಾರಿಲ್ಲ. ನಮ್ಮ ಪ್ರಶ್ನೆ ಒಂದೇ: ಕೊಡುವ ಹಣ ಯಾರದು?

ತನ್ನ ದುಡಿಮೆಯ ಹಣವಾದರೆ ಅದರ ಲೆಕ್ಕ ಅವನ ಅಂತಃಸಾಕ್ಷಿಗೆ ಬಿಟ್ಟದ್ದು. ಸರ್ಕಾರದ ಹಣವಾದರೆ ಅದು ಜನರ ತೆರಿಗೆ. ಮಠದ ಹಣವಾದರೆ ಅದು ರೊಟ್ಟಿಯ ಬುಟ್ಟಿ ಹೊತ್ತು ತಂದ ತಾಯಿಯದು. ಸಹಕಾರಿ ಸಂಘದ, ವಿದ್ಯಾಸಂಸ್ಥೆಯ, ಟ್ರಸ್ಟಿನ ಹಣವಾದರೂ ಇದೇ ಮಾತು. ಮತ್ತೊಬ್ಬರ ಹಣದಲ್ಲಿ ಒಂದು ತಾಸಿನ ಸುಖಕ್ಕೆ ಎರಡೂವರೆ ಪಟ್ಟು ತೆರುವವನು, ತನ್ನ ಹಣವಾಗಿದ್ದರೆ ಹಾಗೆ ತೆರುತ್ತಿದ್ದೆನೇ ಎಂದು ಎದೆ ಮುಟ್ಟಿ ಕೇಳಿಕೊಳ್ಳಬೇಕು.

"ನಾನು ಕೊಟ್ಟದ್ದು ಮಠದ ಹಣವಲ್ಲ, ನನ್ನ ಸ್ವಂತ ಹಣ" ಎಂದು ಆ ಭಕ್ತರು ಹೇಳಬಹುದು. ನಿಜ. ಆದರೆ ಅವರು ಅದನ್ನು ಕೊಟ್ಟದ್ದು ಯಾವುದೋ ಒಬ್ಬ ಪ್ರಯಾಣಿಕನಿಗಲ್ಲ, ನಮ್ಮ ಮೈಮೇಲಿನ ಕಾವಿಗೆ. ಆ ಕಾವಿಯನ್ನು ನಂಬಿದವರಲ್ಲಿ ಪರದೆಯ ಹಿಂದಿನವರೂ ಇದ್ದಾರೆ. ನಮ್ಮ ಸುಖಕ್ಕೆ ಕೊಟ್ಟ ಹೆಚ್ಚಿನ ಹಣ ನಮ್ಮ ಹೆಸರಿನಲ್ಲಿ ದಾಸೋಹಕ್ಕೆ ಹೋಗಬಹುದಾಗಿದ್ದ ಹಣ. ಅಂದಿನ ವ್ಯತ್ಯಾಸದ ಹಣದಲ್ಲಿ ನಮ್ಮ ಪ್ರಸಾದ ನಿಲಯದ ಮಕ್ಕಳ ಒಂದು ದಿನದ ಅಕ್ಕಿ, ಬೇಳೆ, ಕಾಯಿಪಲ್ಲೆ ಬರುತ್ತಿತ್ತು. ಅಡುಗೆಯ ಲೆಕ್ಕ ಬರೆಯುವವರನ್ನು ಕೇಳಿಯೇ ಈ ಮಾತು ಬರೆಯುತ್ತಿದ್ದೇವೆ.

ನಮ್ಮ ದೇಶದಲ್ಲಿ ಇದಕ್ಕೆ ಮೇಲ್ಪಂಕ್ತಿ ಇಲ್ಲವೆಂದಲ್ಲ. ಮಹಾತ್ಮ ಗಾಂಧೀಜಿಯವರು 1915ರಲ್ಲಿ ಭಾರತಕ್ಕೆ ಮರಳಿದ ಮೇಲೆ ರೈಲಿನ ಮೂರನೇ ದರ್ಜೆಯಲ್ಲಿ ದೇಶ ಸುತ್ತಿದರು. ಆ ಪ್ರಯಾಣಿಕರ ಪಾಡನ್ನು ಕುರಿತು 1917ರಲ್ಲಿ ಬರೆದರು. ಆ ದರ್ಜೆಯನ್ನೇ ರೈಲ್ವೆ 1974ರಲ್ಲಿ ರದ್ದುಗೊಳಿಸಿತು. 2009ರಲ್ಲಿ ಕೇಂದ್ರ ಸರ್ಕಾರ ಮಿತವ್ಯಯಕ್ಕಾಗಿ ಮಂತ್ರಿಗಳು ವಿಮಾನದ ಸಾಮಾನ್ಯ ದರ್ಜೆಯಲ್ಲಿ ಪ್ರಯಾಣ ಮಾಡಲಿ ಎಂದಾಗ, ರಾಜ್ಯ ಮಂತ್ರಿಯೊಬ್ಬರು ಆ ದರ್ಜೆಯನ್ನು ದನಗಳ ದರ್ಜೆ ಎಂದು ವಿನೋದಕ್ಕೆ ಕರೆದು ದೊಡ್ಡ ವಿವಾದವಾಯಿತು. ನಗೆಯ ಮಾತೇ ಇರಬಹುದು. ಆದರೆ ಮುಂದೆ ಕುಳಿತವರಿಗೆ ಹಿಂದೆ ಕುಳಿತವರು ಹೇಗೆ ಕಾಣತೊಡಗುತ್ತಾರೆ ಎಂಬುದಕ್ಕೆ ಅದು ಎಚ್ಚರಿಕೆಯೂ ಹೌದು.

ನಾವು ಮಠಾಧೀಶರು ಇದನ್ನು ನಮ್ಮ ಕಡೆಗೇ ತಿರುಗಿಸಿಕೊಳ್ಳಬೇಕು. ಅಡ್ಡಪಲ್ಲಕ್ಕಿಯಲ್ಲಿ ಕುಳಿತು ಭಕ್ತರ ಹೆಗಲ ಮೇಲೆ ಮೆರೆಯುವುದು ಸರಿಯೇ ಎಂದು ನಮ್ಮಲ್ಲಿ ಬಹಳ ಕಾಲದಿಂದ ಚರ್ಚೆಯಿದೆ. ಅದನ್ನು ತ್ಯಜಿಸಿದ ಪೂಜ್ಯರೂ ನಮ್ಮ ನಡುವೆ ಇದ್ದಾರೆ. ಪಲ್ಲಕ್ಕಿ ಬಿಟ್ಟೆವೆಂದು ಬೀಗುವ ನಾವು ಆಕಾಶದಲ್ಲಿ ಇನ್ನೊಂದು ಪಲ್ಲಕ್ಕಿ ಏರಿದರೆ ಏನು ಬಂತು? ಹೆಗಲು ಕೊಟ್ಟವರು ಕಣ್ಣಿಗೆ ಕಾಣುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಆ ದಿನದಿಂದ ನಾವೊಂದು ನೇಮ ಇಟ್ಟುಕೊಂಡಿದ್ದೇವೆ. ಎರಡು ತಾಸಿಗಿಂತ ಕಡಿಮೆಯ ಹಾರಾಟವಾದರೆ, ದೇಹ ಸ್ವಸ್ಥವಿರುವವರೆಗೆ, ಸಾಮಾನ್ಯ ದರ್ಜೆ. ಯಾರಾದರೂ ಮುಂದಿನ ಟಿಕೆಟ್ ಕೊಡಿಸಲು ಬಂದರೆ, ಆ ಹೆಚ್ಚಿನ ಹಣವನ್ನು ಪ್ರಸಾದ ನಿಲಯಕ್ಕೆ ಕೊಡಿ ಎಂದು ಕೇಳುತ್ತೇವೆ. ಇದರಿಂದ ಎಲ್ಲರಿಗೂ ಸಂತೋಷವಾಗಿದೆ ಎಂದು ಹೇಳಲಾರೆವು. ಒಬ್ಬ ಭಕ್ತರು ಮುನಿಸಿಕೊಂಡು ಆರು ತಿಂಗಳು ಮಠದ ಕಡೆ ಬರಲಿಲ್ಲ. "ಪೂಜ್ಯರು ನಮ್ಮ ಸೇವೆ ಒಲ್ಲೆ ಅಂದರು" ಎಂದು ಅವರ ಕೊರಗು. ಅವರಿಗೆ ನಾವು ಹೇಳುವುದು ಇಷ್ಟು: ತಮ್ಮಾ, ಸೇವೆಯನ್ನು ನಾವು ಒಲ್ಲೆ ಎನ್ನಲಿಲ್ಲ, ಅದರ ದಾರಿಯನ್ನು ತುಸು ಬದಲಿಸಿದೆವು.

ಇತ್ತೀಚೆಗೆ ನಾವು ಪಂಖದ ಚಿಕ್ಕ ವಿಮಾನದಲ್ಲಿ ಶಿವಮೊಗ್ಗಕ್ಕೆ ಹೋಗಬೇಕಾಯಿತು. 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಅಲ್ಲಿಗೆ ಆರಂಭವಾದದ್ದು ಇಂಥದೇ ಎ.ಟಿ.ಆರ್. ವಿಮಾನದ ಹಾರಾಟ. ಅದರಲ್ಲಿ ಎಲ್ಲರಿಗೂ ಒಂದೇ ದರ್ಜೆ, ಪರದೆಯ ಮಾತೇ ಇಲ್ಲ. ಇನ್ನೊಂದು ವಿಶೇಷವೆಂದರೆ ಪ್ರಯಾಣಿಕರು ಹತ್ತುವ ಇಳಿಯುವ ಬಾಗಿಲು ಇರುವುದು ಹಿಂಭಾಗದಲ್ಲಿ. ಅಲ್ಲಿ ಕೊನೆಯ ಸಾಲಿನವನು ಮೊದಲು ಇಳಿಯುತ್ತಾನೆ, ಮೊದಲ ಸಾಲಿನವನು ಕೊನೆಗೆ ಇಳಿಯುತ್ತಾನೆ. ನಮಗೆ ಸಿಕ್ಕಿದ್ದು ಮುಂದಿನ ಸಾಲು. ಎಲ್ಲರೂ ಇಳಿಯುವವರೆಗೆ ಕುಳಿತು ನೋಡುತ್ತಿದ್ದೆವು. ತಲೆಯ ಮೇಲಿನ ಅರೆಯಿಂದ ಚೀಲ ಇಳಿಸಲು ಒಬ್ಬರಿಗೊಬ್ಬರು ನೆರವಾಗುತ್ತ, ಮಕ್ಕಳನ್ನು ಎತ್ತಿಕೊಳ್ಳುತ್ತ, ಮುದುಕರಿಗೆ ದಾರಿ ಬಿಡುತ್ತ ಜನ ಸಾಗಿದರು. ನಮಗೆ ಐದು ನಿಮಿಷ ತಡವಾಯಿತು. ಅದರಿಂದ ಯಾವ ಪೀಠದ ಗೌರವಕ್ಕೂ ಕುಂದು ಬರಲಿಲ್ಲ.

ಎಲ್ಲ ಆಸನಗಳೂ ಒಂದೇ ಗಳಿಗೆಗೆ ನೆಲ ಮುಟ್ಟುತ್ತವೆ. ಬೆಳಗಾದರೆ ನಾವೂ ನೀವೂ ಇಷ್ಟಲಿಂಗವನ್ನು ಹಿಡಿಯುವುದು ಅದೇ ಎಡ ಅಂಗೈಯಲ್ಲಿ, ಅದಕ್ಕೆ ದರ್ಜೆಯಿಲ್ಲ. ಆ ತಾಯಿಯ ಮಗ ಈಗ ಕೋಲಿಲ್ಲದೆ ನಡೆಯುತ್ತಾನೆ. ಕಳೆದ ಜಾತ್ರೆಗೆ ರೊಟ್ಟಿಯ ಬುಟ್ಟಿಯನ್ನು ಅವನೇ ಹೊತ್ತು ತಂದ. ಅಂದು ಅವನಿಗೆ ಕೊಡಬಹುದಾಗಿದ್ದ ಜಾಗವನ್ನು ನಾವು ಕೊಡಲಿಲ್ಲ ಎಂದು ಭಕ್ತರೆಲ್ಲರ ಎದುರಿಗೆ ಹೇಳಿದೆವು. ಅವನು ತಲೆ ತಗ್ಗಿಸಿ ನಕ್ಕು, ಬುಟ್ಟಿ ಇಳಿಸಿ, ಪಂಕ್ತಿಯಲ್ಲಿ ಬಡಿಸಲು ಹೋದ.

ಸರ್ವರಿಗೂ ಶಿವಶುಭವಾಗಲಿ.